ಅಜ್ಜ ಕೇಳಿದ ಪುಸ್ತಕ

ನಾನು ಶಿರಸಿಯ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವನು. ಮಂಗಳವಾರ ಯಲ್ಲಾಪುರದ ಶಾಖೆಗೆ ಹೋಗುತ್ತೇನೆ. ಅಲ್ಲಿಗೆ ಸಾಲದ ಕಂತು ಕಟ್ಟಲು ಒಬ್ಬ ಸಿದ್ದಿ ಅಜ್ಜ (ಸಿದ್ದಿಗಳು ಅಂದರೆ ಹಿಂದೆ ಆಫ್ರಿಕಾದಿಂದ ಬಂದವರ ವಂಶದವರು) ಬರುತ್ತಾರೆ. ವಯಸ್ಸು ಎಪ್ಪತ್ತರ ಹತ್ತಿರ. ಕಂತು ಕಟ್ಟಿದರೂ ಎದ್ದು ಹೋಗುವುದಿಲ್ಲ. ಬೆಂಚಿನ ಮೇಲೆ ಕೂತು, ಕವಳ ಹಾಕಿ, ಬಸ್ಸಿನ ಹೊತ್ತಾಗುವವರೆಗೆ ಮಾತಾಡುತ್ತಾರೆ. ಎರಡು ವರ್ಷದ ಹಿಂದೆ ಒಂದು ದಿನ ನನ್ನ ಚೀಲದಿಂದ ಇಣುಕುತ್ತಿದ್ದ ಪುಸ್ತಕ ನೋಡಿ ಕೇಳಿದರು:

"ಹೆಗಡೇರೇ, ನಾನು ಸಣ್ಣವನಿದ್ದಾಗ ನಮ್ಮ ಮನೆಗೆ ಒಬ್ಬ ಬಂದಿದ್ದ. ನಾಲ್ಕು ದಿನ ಇದ್ದ, ನಮ್ಮ ಜೊತೆ ಗಂಜಿ ಉಂಡ. ಅಪ್ಪನ ಹತ್ತಿರ ಮದುವೆ ಹೆಂಗೆ, ಸತ್ತರೆ ಎಂತ ಮಾಡ್ತೀರಿ ಅಂತೆಲ್ಲ ಕೇಳಿ ಬರೆದುಕೊಂಡು ಹೋದ. ಅದು ಪುಸ್ತಕ ಆಯ್ತಾ, ಇಲ್ವಾ?"

ನನಗೆ ಗೊತ್ತಿರಲಿಲ್ಲ. "ನೋಡ್ತೇನೆ ಅಜ್ಜಾ" ಅಂದೆ. ಸಾಲ ಕೇಳಿದವರಿಗೆ ಹೇಳುವ ಹಾಗೆಯೇ ಹೇಳಿದೆ. ಆದರೆ ಮುಂದಿನ ಮಂಗಳವಾರವೂ ಅವರು ಕೇಳಿದರು. ಅದರ ಮುಂದಿನ ಮಂಗಳವಾರವೂ.

ನಾನು ಮಾನವಶಾಸ್ತ್ರ ಓದಿದವನಲ್ಲ, ಬಿ.ಕಾಂ. ನನ್ನ ಭಾವಮೈದುನ ಧಾರವಾಡದಲ್ಲಿ ಒಂದಿಷ್ಟು ಓದಿಕೊಂಡಿದ್ದಾನೆ. ಅವನಿಗೆ ಫೋನ್ ಮಾಡಿದೆ. "ಭಾವಾ, ಅದು ಪಾಲಾಕ್ಷಪ್ಪನವರ ಪುಸ್ತಕ ಇರಬೇಕು" ಅಂದ. ಟಿ. ಸಿ. ಪಾಲಾಕ್ಷಪ್ಪ, 'ದ ಸಿದ್ಧೀಸ್ ಆಫ್ ನಾರ್ತ್ ಕೆನರಾ', ದೆಹಲಿಯ ಸ್ಟರ್ಲಿಂಗ್ ಪ್ರಕಾಶನ, 1976. ಎರಡು ವರ್ಷ ಬಿಟ್ಟು, 1978ರಲ್ಲಿ, ಅವರೇ ಮುಂಡಗೋಡದ ಟಿಬೆಟನ್ನರ ಬಗ್ಗೆ ಇನ್ನೊಂದು ಪುಸ್ತಕ ಬರೆದಿದ್ದಾರೆ. ಎರಡೂ ನಮ್ಮ ಉತ್ತರ ಕನ್ನಡ ಜಿಲ್ಲೆಯವೇ. ಎರಡರ ಹೆಸರನ್ನೂ ನಾನು ಕೇಳಿರಲಿಲ್ಲ.

ಪುಸ್ತಕದ ಹೆಸರು ಸಿಕ್ಕಿತಲ್ಲ, ಇನ್ನೇನು ಅಂದುಕೊಂಡೆ. ಶಿರಸಿಯಲ್ಲಿ ಕೇಳಿದೆ, ಕುಮಟಾದಲ್ಲಿ ಕೇಳಿದೆ, ಕಾರವಾರಕ್ಕೆ ಆಫೀಸಿನ ಕೆಲಸಕ್ಕೆ ಹೋದಾಗ ಅಲ್ಲೂ ಕೇಳಿದೆ. ಅಂಗಡಿಯವರು ಒಂದೇ ಮಾತು ಹೇಳುತ್ತಾರೆ: "ಸಿಲೆಬಸ್ಸಿನದಾ?" ಅಲ್ಲ ಅಂದರೆ ಮುಗಿಯಿತು. ಕುಮಟಾದ ರದ್ದಿ ಅಂಗಡಿಯೊಂದರಲ್ಲಿ ಮಾತ್ರ ಬೇರೆ ಅದೃಷ್ಟ ಕಾದಿತ್ತು. ನಿವೃತ್ತ ಮೇಷ್ಟ್ರೊಬ್ಬರ ಮನೆ ಖಾಲಿ ಮಾಡಿದ ಪುಸ್ತಕಗಳು ತಕ್ಕಡಿ ಪಕ್ಕದಲ್ಲಿ ಬಿದ್ದಿದ್ದವು. ಗೈಡುಗಳು, ಹಳೆ ವಾರಪತ್ರಿಕೆಗಳು, ಅವುಗಳ ಅಡಿಯಲ್ಲಿ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಅವರ 'ಕಿನ್‌ಶಿಪ್ ಆರ್ಗನೈಸೇಶನ್ ಇನ್ ಇಂಡಿಯಾ'. ಮೊದಲು ಅಚ್ಚಾದದ್ದು 1953ರಲ್ಲಿ, ಪುಣೆಯ ಡೆಕ್ಕನ್ ಕಾಲೇಜಿನಿಂದ. ನನಗೆ ಸಿಕ್ಕಿದ್ದು ಆಮೇಲಿನ ಮುದ್ರಣ, ಹಿಂದಿನ ರಟ್ಟು ಇಲ್ಲ. ತೂಕದ ಲೆಕ್ಕದಲ್ಲಿ ಹನ್ನೊಂದು ರೂಪಾಯಿ ಆಯಿತು. ಅಂಗಡಿಯವನು ಒಂದು ರೂಪಾಯಿ ಬಿಟ್ಟ.

ಅದೇ ನನ್ನನ್ನು ಕೆಡಿಸಿದ್ದು. ಒಂದು ಪುಸ್ತಕ ಹುಡುಕಲು ಹೋದವನು ಹತ್ತು ಪುಸ್ತಕದ ಹಿಂದೆ ಬಿದ್ದೆ.

ಆನ್‌ಲೈನ್ ಹುಡುಕಾಟದಲ್ಲಿ ಮೊದಲು ಕಲಿತದ್ದು ಕಾಗುಣಿತ. ನಮ್ಮ ಜಿಲ್ಲೆಯನ್ನು ಈಗಿನ ಹೆಸರಿನಿಂದ ಹುಡುಕಿದರೆ ಹಳೆಯದು ಒಂದೂ ಸಿಗುವುದಿಲ್ಲ. 'ನಾರ್ತ್ ಕೆನರಾ' ಎಂದು ಹುಡುಕಬೇಕು. ಅದನ್ನೂ ಕೆ ಹಾಕಿ ಒಮ್ಮೆ, ಸಿ ಹಾಕಿ ಒಮ್ಮೆ. ಸಿದ್ದಿಗೆ ಎರಡು ಡಿ ಆದ ಮೇಲೆ ಒಂದು ಎಚ್ ಇರಬಹುದು, ಇಲ್ಲದಿರಬಹುದು, ಡಿ ಒಂದೇ ಇರಬಹುದು. ಹಾಲಕ್ಕಿ ಒಕ್ಕಲಿಗರು ಹಳೆ ಪುಸ್ತಕಗಳಲ್ಲಿ 'ಹಾಲ್ವಕ್ಕಿ ವಕ್ಕಲ್' ಆಗಿದ್ದಾರೆ. ಹವ್ಯಕರು 'ಹವೀಕ್' ಆಗಿದ್ದೇವೆ. ನಮ್ಮ ಜಾತಿಯ ಹೆಸರನ್ನೇ ತಪ್ಪು ಬರೆಯದೆ ಹೋದರೆ ನಮ್ಮ ಬಗ್ಗೆ ಬರೆದದ್ದು ನಮಗೇ ಕಾಣುವುದಿಲ್ಲ!

ಎರಡನೆಯದು ಇನ್ನೂ ಮುಖ್ಯ. ಜಾತಿ, ಬುಡಕಟ್ಟುಗಳ ಹಳೆ ಪುಸ್ತಕ ಅಂದ ಕೂಡಲೇ ಎಲ್ಲರೂ ಎಡ್ಗರ್ ಥರ್ಸ್ಟನ್ ಹೆಸರು ಹೇಳುತ್ತಾರೆ. 1909ರಲ್ಲಿ ಮದ್ರಾಸಿನಿಂದ ಬಂದ ಏಳು ಸಂಪುಟ. ನಾನೂ ಅದರ ಮರುಮುದ್ರಣ ಕೊಳ್ಳಲು ಹೊರಟಿದ್ದೆ. ಭಾವಮೈದುನ ತಡೆದ. ನಮ್ಮ ಜಿಲ್ಲೆ 1862ರಲ್ಲೇ ಮದ್ರಾಸು ಬಿಟ್ಟು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ದಕ್ಷಿಣ ಕನ್ನಡ ಮಾತ್ರ ಮದ್ರಾಸಿನಲ್ಲೇ ಉಳಿಯಿತು. ಹಾಗಾಗಿ ಥರ್ಸ್ಟನ್ನನ ಕೆಲಸ ನಮ್ಮ ಗಡಿಯ ಹತ್ತಿರ ನಿಂತುಬಿಡುತ್ತದೆ. ನಮ್ಮವರು ಬೇಕಾದರೆ ಆರ್. ಇ. ಎಂಥೋವೆನ್ ನೋಡಬೇಕು. 'ದ ಟ್ರೈಬ್ಸ್ ಅಂಡ್ ಕಾಸ್ಟ್ಸ್ ಆಫ್ ಬಾಂಬೆ', ಮೂರು ಸಂಪುಟ, 1920ರಿಂದ 1922. ಅದಕ್ಕೂ ಹಿಂದಿನದು ಬೇಕಾದರೆ 1883ರ ಬಾಂಬೆ ಗೆಜೆಟಿಯರ್ (ಸರಕಾರ ಜಿಲ್ಲೆಗಳ ಬಗ್ಗೆ ತಂದ ವಿವರಗಳ ಪುಸ್ತಕ), ಹದಿನೈದನೇ ಸಂಪುಟ, ಅದರಲ್ಲೂ ಎರಡು ಭಾಗ. ಇಡೀ ಸಂಪುಟ ನಮ್ಮ ಕೆನರಾ ಜಿಲ್ಲೆಯದೇ. ಯಾವ ಊರು ಯಾವ ಸರಕಾರದ ಕೈಯಲ್ಲಿತ್ತು ಅಂತ ತಿಳಿಯದೆ ಹಳೆ ಪುಸ್ತಕಕ್ಕೆ ದುಡ್ಡು ಹಾಕಬಾರದು ಎಂದು ಆ ದಿನ ಗೊತ್ತಾಯಿತು.

ಆದರೂ ದುಡ್ಡು ಹಾಳು ಮಾಡಿಕೊಂಡೆ. ಗೆಜೆಟಿಯರಿನ ಮೇಲೆಯೇ.

ಆನ್‌ಲೈನ್ ಮಾರಾಟಗಾರನೊಬ್ಬ 'ಕೆನರಾ, 1883' ಎಂದು ಹಾಕಿದ್ದ. ಬೆಲೆ ಸಾವಿರದ ನಾನೂರು. 1883ರ ಪುಸ್ತಕ ಸಾವಿರದ ನಾನೂರಕ್ಕೆ! ಅಡಿಕೆ ಟೆಂಡರಿನಲ್ಲಿ ಯಾರಾದರೂ ಅಷ್ಟು ಕಡಿಮೆಗೆ ಕೊಡುತ್ತೇನೆ ಅಂದರೆ ಮಾಲು ನೋಡದೆ ಮುಟ್ಟುವವನಲ್ಲ ನಾನು. ಪುಸ್ತಕದ ವಿಷಯದಲ್ಲಿ ಬುದ್ಧಿ ಕೈಕೊಟ್ಟಿತು. ಬಂದದ್ದು ಹೊಳೆಯುವ ರಟ್ಟಿನ ಹೊಚ್ಚ ಹೊಸ ಪುಸ್ತಕ. ಮುಖಪುಟದಲ್ಲಿ ಯಾವುದೋ ಮರುಭೂಮಿಯ ಒಂಟೆ. ನಮ್ಮ ಜಿಲ್ಲೆಯಲ್ಲಿ ಒಂಟೆ! ಒಳಗೆ ಸ್ಕ್ಯಾನ್ ಮಾಡಿದ ಪುಟಗಳು, ಕೆಲವು ಓರೆ, ಕೆಲವಕ್ಕೆ ಅಂಚಿನ ಅಕ್ಷರ ಹಾರಿಹೋಗಿದೆ. ನಕಾಶೆಯನ್ನು ಮಡಚಿದ ಹಾಗೆಯೇ ಸ್ಕ್ಯಾನ್ ಮಾಡಿದ್ದರು. ಸಮುದ್ರ ಕಾಣುತ್ತದೆ, ಘಟ್ಟ ಕಾಣುವುದಿಲ್ಲ. ಒಂದು ಪುಟದಲ್ಲಿ ಸ್ಕ್ಯಾನ್ ಮಾಡಿದವನ ಹೆಬ್ಬೆರಳೂ ಇತ್ತು. ಯಾರಾದರೂ ಆರ್ಡರ್ ಮಾಡಿದ ಮೇಲೆ ಒಂದು ಪ್ರತಿ ಅಚ್ಚು ಹಾಕಿ ಕಳಿಸುವ ವ್ಯಾಪಾರ ಇದು. ಇದೇ ಗೆಜೆಟಿಯರ್ ಇಂಟರ್ನೆಟ್ ಆರ್ಕೈವಿನಲ್ಲಿ ಪುಕ್ಕಟೆ ಇದೆ ಅಂತ ಆಮೇಲೆ ತಿಳಿಯಿತು. ಎಂಥೋವೆನ್ನೂ ಇದೆ, ಥರ್ಸ್ಟನ್ನೂ ಇದೆ.

ಇಂಥದ್ದನ್ನು ಗುರುತಿಸಲು ಈಗ ನನಗೊಂದು ಸುಲಭದ ದಾರಿ ಗೊತ್ತು. ಪುಸ್ತಕಕ್ಕೊಂದು ಗುರುತಿನ ನಂಬರು ಇರುತ್ತದಲ್ಲ, ಐ.ಎಸ್.ಬಿ.ಎನ್., ಅದು ಬಳಕೆಗೆ ಬಂದದ್ದು 1970ರ ಆಸುಪಾಸಿನಲ್ಲಿ. ಮಾರುವವನು 1883 ಅಂತ ಬರೆದು ಕೆಳಗೆ ಆ ನಂಬರನ್ನೂ ಕೊಟ್ಟಿದ್ದರೆ ಅದು ಮರುಮುದ್ರಣ, ಅನುಮಾನವೇ ಬೇಡ. ಮರುಮುದ್ರಣ ಕೆಟ್ಟದ್ದು ಅಂತಲ್ಲ. ದೆಹಲಿಯ ಕೆಲವು ಪ್ರಕಾಶಕರು ಎಪ್ಪತ್ತು ಎಂಬತ್ತರ ದಶಕದಲ್ಲಿ ಇಂಥ ಪುಸ್ತಕಗಳನ್ನು ಗಟ್ಟಿ ರಟ್ಟು ಹಾಕಿ ಚೆನ್ನಾಗಿಯೇ ತಂದಿದ್ದಾರೆ. ಓದುವವನಿಗೆ ಅದೇ ಸಾಕು. ಒಂಟೆಯದು ಬೇಡ.

ಪಾಲಾಕ್ಷಪ್ಪನವರ ಪುಸ್ತಕಕ್ಕೆ ಮರುಮುದ್ರಣ ಕಾಣಲಿಲ್ಲ, ಸ್ಕ್ಯಾನೂ ಸಿಗಲಿಲ್ಲ. ಹಳೆ ಪುಸ್ತಕಗಳ ದೊಡ್ಡ ಜಾಲತಾಣ ಏಬ್‌ಬುಕ್ಸ್. 1995ರಲ್ಲಿ ಕೆನಡಾದಲ್ಲಿ ಶುರುವಾದದ್ದು, 2008ರಿಂದ ಅಮೆಜಾನ್ ಕೈಯಲ್ಲಿದೆ. ಬೇರೆ ಬೇರೆ ದೇಶದ ಅಂಗಡಿಯವರು ಅಲ್ಲಿ ತಮ್ಮ ಸರಕು ಹಾಕುತ್ತಾರೆ. ಅಲ್ಲಿ ಹೆಸರು ಹಾಕಿಟ್ಟರೆ ಪುಸ್ತಕ ಬಂದಾಗ ಇಮೇಲ್ ಬರುತ್ತದೆ. ಹಾಕಿಟ್ಟೆ. ಏಳು ತಿಂಗಳು ಏನೂ ಬರಲಿಲ್ಲ.

ಆ ಏಳು ತಿಂಗಳಲ್ಲಿ ಸುಮ್ನೆ ಕೂರಲಿಲ್ಲ. ಬೆಂಗಳೂರಿಗೆ ಮದುವೆಗೆ ಹೋದಾಗ ಚರ್ಚ್ ಸ್ಟ್ರೀಟಿನ ಬ್ಲಾಸಮ್‌ನಲ್ಲಿ ಅರ್ಧ ದಿನ ಕಳೆದೆ. 1945ರಿಂದ ಇರುವ ಸೆಲೆಕ್ಟ್ ಬುಕ್ ಶಾಪಿಗೂ ಹೋದೆ. ಅಲನ್ ಬೀಲ್ಸ್ ಎಂಬ ಅಮೆರಿಕದವರು ಕಲಬುರಗಿ ಕಡೆಯ ಹಳ್ಳಿಯೊಂದರ ಬಗ್ಗೆ ಬರೆದ 'ಗೋಪಾಲಪುರ್' ಸಿಕ್ಕಿತು. 1962ರದು. ನೂರು ಪುಟದ ಸಣಕಲು ಪುಸ್ತಕ. ಅಮೆರಿಕದ ಕಾಲೇಜು ಮಕ್ಕಳಿಗೆ ಅಂತಲೇ ತಂದ ಮಾಲೆಯದು, ಹಾಗಾಗಿ ಅಗ್ಗ. ಎಂ. ಎನ್. ಶ್ರೀನಿವಾಸರ 'ದ ರಿಮೆಂಬರ್ಡ್ ವಿಲೇಜ್' ಸಹ ಸಿಕ್ಕಿತು. ಅದು ಬಂದದ್ದೂ 1976ರಲ್ಲಿ. ಅವರ ಟಿಪ್ಪಣಿಗಳು 1970ರಲ್ಲಿ ಅಮೆರಿಕದಲ್ಲಿ ಬೆಂಕಿಗೆ ಸಿಕ್ಕಿ, ಹಳ್ಳಿಯನ್ನು ನೆನಪಿನಿಂದ ಬರೆದರು. ಅದರೊಳಗಿನ ರಾಂಪುರ ನಕಾಶೆಯಲ್ಲಿ ಸಿಗುವುದಿಲ್ಲ. ನಿಜವಾದ ಹೆಸರು ಕೊಡಗಹಳ್ಳಿ. ಮಾನವಶಾಸ್ತ್ರದವರು ಊರಿನ ಹೆಸರು ಬದಲಿಸುವುದು ವಾಡಿಕೆ. ಊರಿನ ಹೆಸರು ಹಿಡಿದು ಪುಸ್ತಕ ಹುಡುಕುವವರಿಗೆ ಇದೊಂದು ತಲೆನೋವು.

ಎಂಥೋವೆನ್ ಮೂರರಲ್ಲಿ ಒಂದು ಸಂಪುಟವೂ ಬೆಂಗಳೂರಿನ ವ್ಯಾಪಾರಿಯೊಬ್ಬರಿಂದ ಬಂತು. ನನಗೆ ಬೇಕಾದ ಜಾತಿಗಳಿದ್ದ ಸಂಪುಟ ಅದಲ್ಲ. ಅವರು ಫೋನಿನಲ್ಲಿ ಹೇಳಿದ್ದರು, ನಾನೇ ಆಸೆಗೆ ತೆಗೆದುಕೊಂಡೆ. ಮೊದಲಾದರೆ ಇಂಥ ಭಾರದ ಪುಸ್ತಕ ಅಂಚೆಯ ರಿಜಿಸ್ಟರ್ಡ್ ಬುಕ್ ಪೋಸ್ಟಿನಲ್ಲಿ ಅಗ್ಗಕ್ಕೆ ಬರುತ್ತಿತ್ತು. 2024ರ ಡಿಸೆಂಬರಿನಲ್ಲಿ ಅದನ್ನು ನಿಲ್ಲಿಸಿದರು. ಈಗ ಕೊರಿಯರ್ ಖರ್ಚು ಕೆಲವೊಮ್ಮೆ ಪುಸ್ತಕದ ಬೆಲೆಗಿಂತ ಜಾಸ್ತಿ.

ಎಂಟನೇ ತಿಂಗಳಲ್ಲಿ ಇಮೇಲ್ ಬಂತು. ಒಂದಲ್ಲ, ಮೂರು ಪ್ರತಿ. ಒಬ್ಬನದು ಹದಿನಾಲ್ಕು ಪೌಂಡ್, ಇನ್ನೊಬ್ಬನದು ನಲವತ್ತೆಂಟು ಡಾಲರ್, ಮತ್ತೊಬ್ಬನದು ತೊಂಬತ್ತೊಂದು ಡಾಲರ್. ಎಂಟು ತಿಂಗಳು ಇಲ್ಲದ್ದು ಒಂದೇ ದಿನ ಮೂರು ಹೇಗೆ? ವಿವರಣೆ ಓದಿದರೆ ಮೂರರಲ್ಲೂ ಅದೇ ಮಾತು. ಇರುವುದು ಒಂದೇ ಪುಸ್ತಕ. ಉಳಿದ ಇಬ್ಬರ ಹತ್ತಿರ ಪುಸ್ತಕವೇ ಇಲ್ಲ. ನಾವು ಅವರಿಗೆ ದುಡ್ಡು ಕೊಟ್ಟರೆ ಅವರು ಮೊದಲನೆಯವನಿಂದ ಕೊಂಡು ನಮಗೆ ಕಳಿಸುತ್ತಾರೆ. ನಮ್ಮ ಕಡೆ ದಲ್ಲಾಳಿಗಳು ಮಾಡುವುದನ್ನೇ ಅಲ್ಲಿ ಕಂಪ್ಯೂಟರ್ ಮಾಡುತ್ತದೆ. ಮೂವರಿಗೂ ಒಳಪುಟದ ಫೋಟೋ ಕಳಿಸಿ ಅಂತ ಬರೆದೆ. ಇಂಗ್ಲೆಂಡಿನವನು ಒಬ್ಬನೇ ಕಳಿಸಿದ.

ಪುಸ್ತಕದ ಸ್ಥಿತಿ 'ಗುಡ್, ಎಕ್ಸ್-ಲೈಬ್ರರಿ, ಸಮ್ ಫಾಕ್ಸಿಂಗ್' ಎಂದಿತ್ತು. ಈ ವ್ಯಾಪಾರದಲ್ಲಿ ಗುಡ್ ಅಂದರೆ ಅಷ್ಟೇನೂ ಚೆನ್ನಾಗಿಲ್ಲ ಅಂತ ಅರ್ಥ. ಅದರ ಮೇಲೆ ವೆರಿ ಗುಡ್, ಅದರ ಮೇಲೆ ಫೈನ್ ಇದೆ. ರೀಡಿಂಗ್ ಕಾಪಿ ಅಂದರೆ ಓದಬಹುದು, ಅಷ್ಟೇ. ಕಪಾಟಿನಲ್ಲಿ ಇಟ್ಟು ತೋರಿಸುವ ಹಾಗಿಲ್ಲ. ಫಾಕ್ಸಿಂಗ್ ಅಂದರೆ ಏನು ಅಂತ ಗೊತ್ತಾಗಲಿಲ್ಲ. ನರಿ ಕಚ್ಚಿದೆಯೋ ಏನೋ! ಹಾಳೆಯ ಮೇಲೆ ಏಳುವ ಕೆಂಗಂದು ಚುಕ್ಕೆಗಳಂತೆ. ನಮ್ಮ ಮನೆಯ ಮದುವೆ ಆಲ್ಬಮ್ಮಿನಿಂದ ಪಂಚಾಂಗದವರೆಗೆ ಎಲ್ಲಕ್ಕೂ ಇರುವ ಚುಕ್ಕೆಗೆ ಅಲ್ಲಿ ಒಂದು ಹೆಸರಿದೆ.

ದುಡ್ಡು ಕಟ್ಟಲು ಹೋದರೆ ಕಾರ್ಡ್ ನಡೆಯಲಿಲ್ಲ. ಮೂರು ಸಲ. 2020ರ ನಂತರ ಕೊಡುವ ಕಾರ್ಡುಗಳು ನಾವಾಗಿ ಕೇಳುವವರೆಗೆ ವಿದೇಶದಲ್ಲಿ ನಡೆಯುವುದಿಲ್ಲ, ರಿಸರ್ವ್ ಬ್ಯಾಂಕಿನ ನಿಯಮ. ದಿನಾ ಜನರಿಗೆ ಇಂಥದ್ದನ್ನೇ ವಿವರಿಸುವ ನನಗೆ ಅದು ನೆನಪಾಗಲಿಲ್ಲ. ಬ್ಯಾಂಕಿನ ಆ್ಯಪಿನಲ್ಲಿ ಗುಂಡಿ ಒತ್ತಿದ ಮೇಲೆ ಸರಿಹೋಯಿತು. ಪುಸ್ತಕ ಹದಿನಾಲ್ಕು ಪೌಂಡ್, ಅಂಚೆ ಹದಿನಾರು ಪೌಂಡ್, ಬ್ಯಾಂಕಿನ ವಿದೇಶಿ ಶುಲ್ಕ ಸೇರಿ ಮೂರೂವರೆ ಸಾವಿರ ದಾಟಿತು. ಮನೆಯಲ್ಲಿ ಪುಸ್ತಕದ ಬೆಲೆ ಮಾತ್ರ ಹೇಳಿದೆ.

ಏಳು ವಾರ ಬೇಕಾಯಿತು. ಟ್ರ್ಯಾಕಿಂಗ್‌ನಲ್ಲಿ ಮುಂಬಯಿ ತಲುಪಿದ್ದು ತೋರಿಸಿತು, ಅಲ್ಲಿ ಹದಿನೆಂಟು ದಿನ ಮಲಗಿತು. ಹೊರದೇಶದ ಪುಸ್ತಕಕ್ಕೆ 2019ರಲ್ಲಿ ಶೇಕಡಾ 5 ಸುಂಕ ಹಾಕಿದ್ದಾರೆ ಅಂತ ಓದಿದ್ದೆ. ಅದಕ್ಕೂ ದುಡ್ಡು ತೆಗೆದಿಟ್ಟಿದ್ದೆ. ನನ್ನ ಹತ್ತಿರ ಯಾರೂ ಕೇಳಲಿಲ್ಲ. ಆಷಾಢದ ಜಡಿಮಳೆಯಲ್ಲಿ ಅಂಚೆಯವ ರೇನ್‌ಕೋಟಿನ ಒಳಗಿಟ್ಟುಕೊಂಡು ತಂದುಕೊಟ್ಟ. "ಎಂತದು ಹೆಗಡೇರೇ, ಔಷಧಿನಾ?" ಅಂದ.

ಕಟ್ಟು ಬಿಚ್ಚಿದರೆ ತೆಳ್ಳನೆಯ ಪುಸ್ತಕ. ಇಂಗ್ಲೆಂಡಿನ ಯಾವುದೋ ವಿಶ್ವವಿದ್ಯಾಲಯದ ಮೊಹರು, ಅದರ ಮೇಲೆ 'ವಿತ್‌ಡ್ರಾನ್' ಎಂಬ ಕೆಂಪು ಮೊಹರು. ಕೊನೆಯಲ್ಲಿ ವಾಪಸು ಕೊಡಬೇಕಾದ ತಾರೀಖಿನ ಚೀಟಿ ಹಾಗೆಯೇ ಅಂಟಿಕೊಂಡಿತ್ತು. ಮೂರೇ ಮೂರು ತಾರೀಖು. ಕೊನೆಯದು 1991. ನಮ್ಮ ಯಲ್ಲಾಪುರದ ಕಾಡಿನವರ ಕಥೆ ಅಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಯಾರೂ ಮುಟ್ಟದೆ ಕೂತಿತ್ತು. ಮೊದಲು ಸ್ವಲ್ಪ ಸಿಟ್ಟು ಬಂತು. ಆಮೇಲೆ ಅನ್ನಿಸಿತು, ಮುಟ್ಟದೇ ಇದ್ದದ್ದಕ್ಕೆ ಅಲ್ವಾ ನನಗೆ ಹದಿನಾಲ್ಕು ಪೌಂಡಿಗೆ ಸಿಕ್ಕಿದ್ದು!

ಮಳೆಗಾಲದಲ್ಲಿ ನಮ್ಮ ಕಡೆ ಪುಸ್ತಕ ಇಟ್ಟುಕೊಳ್ಳುವುದು ಸುಲಭ ಅಲ್ಲ. ಬೂಸು ಹಿಡಿಯುತ್ತದೆ, ಒರಲೆ ಬರುತ್ತದೆ. ಗೋಡೆಗೆ ತಾಗಿಸಿ ಇಡಬಾರದು, ಕಪಾಟಿನ ಬಾಗಿಲು ಸದಾ ಮುಚ್ಚಿಡಬಾರದು. ನುಸಿಗುಳಿಗೆ ನನಗೆ ಆಗುವುದಿಲ್ಲ, ತಲೆ ನೋಯುತ್ತದೆ. ಆಯಿ ಬಜೆ ಬೇರು ಒಣಗಿಸಿ ಬಟ್ಟೆಯಲ್ಲಿ ಕಟ್ಟಿಕೊಟ್ಟಳು. ತಾಳೆಗರಿ ಕಟ್ಟಿನ ಜೊತೆ ನಮ್ಮ ಮನೆಯ ಅಜ್ಜ ಇಡುತ್ತಿದ್ದದ್ದು ಅದೇ ಅಂತೆ. ಬೂಸು ಬಂದ ಪುಸ್ತಕವನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಒಣಗಿಸಿ, ಅಂಗಳದಲ್ಲಿ ನಿಂತು ಮೆತ್ತನೆ ಬ್ರಷ್ಷಿನಿಂದ ಕೊಡವಿ. ಕರ್ವೆಯವರ ಪುಸ್ತಕದ ಎಂಟು ಪುಟ ನಾನು ಹಾಗೆ ಒರೆಸಿಯೇ ಕಳೆದುಕೊಂಡೆ.

ಬಜೆ ಕಟ್ಟಿಕೊಡುವಾಗ ಆಯಿಗೆ ಇನ್ನೊಬ್ಬರು ಬರೆದದ್ದನ್ನೂ ತೋರಿಸಿದ್ದೆ. ಎಡ್ವರ್ಡ್ ಹಾರ್ಪರ್ ಅಂತ ಅಮೆರಿಕದವರು. ನಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯ ಹವ್ಯಕರ ಊರಲ್ಲಿ ಇದ್ದು, ಮಡಿ ಮೈಲಿಗೆಯ ಬಗ್ಗೆ 1964ರಲ್ಲಿ ದೊಡ್ಡ ಲೇಖನ ಬರೆದಿದ್ದಾರೆ. ಆ ಊರಿಗೆ ಅವರಿಟ್ಟ ಹೆಸರು ತೋಟಗದ್ದೆ. ಯಾರ ಊರಲ್ಲಿ ತೋಟ, ಗದ್ದೆ ಇಲ್ಲ ಹೇಳಿ! ಓದಿ ಕನ್ನಡದಲ್ಲಿ ಹೇಳಿದೆ. ಆಯಿ ಕೇಳಿ ಕೇಳಿ ನಕ್ಕಳು. "ಮಡಿ ಅಂದರೆ ಎಂತ ಅಂತ ಕೇಳಲಿಕ್ಕೆ ಅಷ್ಟು ದೂರದಿಂದ ಬರಬೇಕಿತ್ತಾ? ಅವನಿಗೆ ಊಟ ಎಲ್ಲಿ ಬಡಿಸಿದ್ರಂತೆ? ಜಗಲಿಯಲ್ಲೋ, ಒಳಗೋ?" ನಾನು ಲೇಖನದಲ್ಲಿ ಗಮನಿಸಬೇಕಾದ್ದು ಅದೇ ಅಂತ ಆಗ ಹೊಳೆಯಿತು.

ಮುಂದಿನ ಮಂಗಳವಾರ ಸಿದ್ದಿ ಅಜ್ಜನ ಪುಸ್ತಕವನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಯಲ್ಲಾಪುರಕ್ಕೆ ಒಯ್ದೆ. ಮಧ್ಯಾಹ್ನ ಶಾಖೆ ಖಾಲಿ ಇತ್ತು. ಅಜ್ಜ ಕೈ ಒರೆಸಿಕೊಂಡು ಪುಸ್ತಕ ಹಿಡಿದರು, ಒಂದೆರಡು ಹಾಳೆ ತಿರುವಿದರು, ವಾಪಸು ಕೊಟ್ಟು "ಓದಿ" ಅಂದರು. ಅವರ ಮೊಮ್ಮಗಳು ಡಿಗ್ರಿ ಓದುತ್ತಾಳೆ, ಅವಳೂ ಬಂದಿದ್ದಳು. ನಾನು ಒಂದೊಂದು ಸಾಲು ಓದಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಕೆಲವು ಕಡೆ ಅಜ್ಜ "ಹೌದು, ಹೌದು" ಅಂದರು. ಕೆಲವು ಕಡೆ "ಅದು ಹಳಿಯಾಳದ ಬದಿಯವರದ್ದು, ನಮ್ಮ ಕಡೆ ಹಂಗಲ್ಲ" ಅಂದರು. ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತರು ಮೂವರೂ ಇದ್ದಾರಲ್ಲ, ಒಬ್ಬರ ಪದ್ಧತಿ ಇನ್ನೊಬ್ಬರದಲ್ಲ. ಮೊಮ್ಮಗಳು ಫೋನಿನಲ್ಲಿ ಪುಟಗಳ ಫೋಟೋ ತೆಗೆಯುತ್ತಿದ್ದಳು. "ಈ ಪುಸ್ತಕ ಬಂದಾಗ ನಮ್ಮನ್ನು ಎಸ್ಟಿ ಪಟ್ಟಿಗೆ ಸೇರಿಸಿರಲಿಲ್ಲ, ಅಲ್ವಾ?" ಎಂದಳು. ಸೇರಿಸಿದ್ದು 2003ರಲ್ಲಿ. ಅವಳು ಹುಟ್ಟುವುದಕ್ಕೆ ಸ್ವಲ್ಪ ಮುಂಚೆ.

ಅಜ್ಜ ತಮ್ಮ ಅಪ್ಪನ ಹೆಸರು ಇದೆಯಾ ನೋಡಿ ಅಂದರು. ಮೂವರೂ ಸೇರಿ ಹುಡುಕಿದೆವು. ಸಿಗಲಿಲ್ಲ. ಹೆಸರು ಹಾಕದೆಯೂ ಬರೆಯುತ್ತಾರೆ ಅಜ್ಜಾ, ನಿಮ್ಮ ಅಪ್ಪ ಹೇಳಿದ್ದು ಎಲ್ಲೋ ಒಳಗೆ ಇರುತ್ತದೆ ಅಂತ ಸಮಾಧಾನ ಹೇಳಿದೆ. ಬರೆದವರು ಧಾರವಾಡದ ಕಡೆ ಇದ್ದವರು, ಕನ್ನಡದವರೇ ಅಂತ ಸೇರಿಸಿದೆ.

ಅಜ್ಜ ಕವಳ ಉಗಿಯಲು ಹೊರಗೆ ಹೋಗಿ ಬಂದರು.

"ಕನ್ನಡದವರಾ? ಹಾಗಾದರೆ ಇವರಲ್ಲ ಹೆಗಡೇರೇ. ನಮ್ಮ ಮನೆಗೆ ಬಂದವನು ಬಿಳಿಯ. ಉದ್ದ ಕೂದಲು ಬಿಟ್ಟಿದ್ದ. ಪದ ಹಾಡಿಸಿ ಡಬ್ಬಿಯಲ್ಲಿ ಹಿಡಿದುಕೊಳ್ಳುತ್ತಿದ್ದ."

ನಾನು ಕೇಳಿಯೇ ಇರಲಿಲ್ಲ. ಎರಡು ವರ್ಷದಲ್ಲಿ ಒಂದು ಸಲವೂ, ಬಂದವನು ಹೇಗಿದ್ದ ಅಂತ ಕೇಳಬೇಕು ಅನ್ನಿಸಿರಲಿಲ್ಲ. ಮೊಮ್ಮಗಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಪುಸ್ತಕ ಈಗ ಅವರ ಮನೆಯಲ್ಲೇ ಇದೆ, ಬಜೆಯ ಗಂಟಿನ ಸಮೇತ. ಮೊಮ್ಮಗಳು ಪೂರ್ತಿ ಓದಿ ಅಜ್ಜನಿಗೆ ಹೇಳುತ್ತಿದ್ದಾಳೆ. ನಾನು ಮತ್ತೆ ಶುರು ಮಾಡಿದ್ದೇನೆ. ಭಾವಮೈದುನ ಹೇಳುವ ಪ್ರಕಾರ ಅಂಥವರು ಬರೆದದ್ದು ಎಷ್ಟೋ ಸಲ ಪುಸ್ತಕವೇ ಆಗುವುದಿಲ್ಲ, ಪ್ರಬಂಧವಾಗಿ ಅವರ ವಿಶ್ವವಿದ್ಯಾಲಯದ ಕಪಾಟಿನಲ್ಲಿ ಉಳಿದುಬಿಡುತ್ತದೆ. ನಮ್ಮ ದೇಶದ ಪ್ರಬಂಧಗಳಾದರೆ ಶೋಧಗಂಗಾ ಎಂಬ ಜಾಲತಾಣದಲ್ಲಿ ನೋಡಬಹುದು. ಹೊರದೇಶದ್ದಕ್ಕೆ ಆಯಾ ವಿಶ್ವವಿದ್ಯಾಲಯಕ್ಕೇ ಬರೆಯಬೇಕು. ಕಳೆದ ಮಂಗಳವಾರ ಒಂದು ಹಾಳೆ ಪೆನ್ನು ಹಿಡಿದು ಅಜ್ಜನ ಮುಂದೆ ಕೂತೆ. ಯಾವ ವರ್ಷ, ಯಾವ ಭಾಷೆ ಆಡುತ್ತಿದ್ದ, ಜೊತೆಗೆ ಯಾರು ಬಂದಿದ್ದರು. ಅಜ್ಜ ಯೋಚಿಸಿದರು.

"ಸೇತುವೆ ಆಗಿರಲಿಲ್ಲ" ಅಂದರು. "ಅವನು ಹೊಳೆ ದಾಟುವಾಗ ಬಿದ್ದು ಒಂದು ಚಪ್ಪಲಿ ಕಳೆದುಕೊಂಡ. ಅಪ್ಪ ತನ್ನದು ಕೊಟ್ಟ."

ಅದನ್ನೇ ಬರೆದುಕೊಂಡಿದ್ದೇನೆ.